ಕೊಕ್ಕರೆಯ ಎರಡನೇ ಕಣ್ಣು

ಮಂಗಳವಾರ ಬೆಳಿಗ್ಗೆ ಎಂಟು ಹತ್ತರ ಫಾಸ್ಟ್ ಲೋಕಲಿನಲ್ಲಿ ನಾನು ಡೊಂಬಿವಲಿಯಿಂದ ಥಾಣೆಯವರೆಗೆ ಕಾಲು ಚಾಚಿ ಮಲಗಿಕೊಂಡು ಬಂದೆ.

ಸೆಕೆಂಡ್ ಕ್ಲಾಸಿನಲ್ಲಿ. ಮೂರು ಸೀಟು ನನಗೊಬ್ಬನಿಗೇ, ನಾಲ್ಕನೆಯದರ ಮೇಲೆ ನನ್ನ ಚಪ್ಪಲಿ. ಮುಂಬ್ರಾ ಸುರಂಗದ ಹತ್ತಿರ ಒಂದು ಸಣ್ಣ ಕನಸೂ ಬಿತ್ತು. ಥಾಣೆ ಬಂದಾಗ ಇಳಿಯುವವರೂ ಹತ್ತುವವರೂ ಎರಡು ಸಾಲಾಗಿ ನಿಂತು, ಸಾಹೇಬರು ಮೊದಲು ಏಳಲಿ ಎಂದು ಮರಾಠಿಯಲ್ಲಿ ಪಿಸುಗುಟ್ಟುತ್ತಿದ್ದರು.

ನಂಬದಿದ್ದರೆ ಬಿಡಿ. ಪತ್ತೇದಾರ ದಯಾನಂದನನ್ನು ಈ ಊರು ಹಾಗೆ ನೋಡಿಕೊಳ್ಳುತ್ತದೆ. ಕಲ್ಯಾಣದಿಂದ ಕಾಮೋಠೆಯವರೆಗೆ ಕಳೆದುಹೋದ ಯಾವ ವಸ್ತುವನ್ನೂ ನಾನು ಹುಡುಕದೆ ಬಿಟ್ಟವನಲ್ಲ. ಕಳೆದೇ ಹೋಗದಿದ್ದ ಎರಡು ವಸ್ತುಗಳನ್ನೂ ಹುಡುಕಿಕೊಟ್ಟಿದ್ದೇನೆ.

ಥಾಣೆಯಲ್ಲಿ ವಾಶಿ ಗಾಡಿ ಹಿಡಿದು ರಬಾಳೆಯಲ್ಲಿ ಇಳಿದೆ. ಹಿಂದಿನ ಕಂತು ಓದದವರಿಗೆ ಇಷ್ಟು ಸಾಕು: ಎಂಟು ದಿನದ ಹಿಂದೆ ಉರಣದ ಆಚೆ ಕಡಲಿನಲ್ಲಿ, ಹಡಗಿನ ಮೇಲೆ ಇಳಿಯಬೇಕಿದ್ದ ಚಾಲಕನಿಲ್ಲದ ವಿಮಾನವೊಂದು ಇಳಿಯಲಾಗದೆ ನೀರಿಗೆ ಬಿತ್ತು, ಅದರ ತಪ್ಪೆಲ್ಲ ಇವತ್ತು ಸಂಜೆ ನಾಲ್ಕಕ್ಕೆ ನಿಶ್ಮಿತಾ ಎಂಬ ಹುಡುಗಿಯ ಹೆಸರಿನಲ್ಲಿ ತನಿಖೆಯ ವರದಿಗೆ ಹೋಗಲಿತ್ತು.

ಒಮ್ಮೆ ಹೋಯಿತೆಂದರೆ ಮುಗಿಯಿತು. ವಿಮಾನವನ್ನು ಪರೀಕ್ಷಿಸಿ 'ಹಾರಬಹುದು' ಎಂದು ಸಹಿ ಹಾಕುವುದು ಅವಳ ಕೆಲಸ. ಸಹಿ ಕೆಟ್ಟ ಪರೀಕ್ಷಕಿಯನ್ನು ಈ ದೇಶದಲ್ಲಿ ಇನ್ನಾರೂ ಯಾವ ವಿಮಾನದ ಹತ್ತಿರಕ್ಕೂ ಬಿಟ್ಟುಕೊಳ್ಳುವುದಿಲ್ಲ.

ಮೋಹನ್ ಏರೋಮರೀನ್ ಎಂಬ ಆ ಕಂಪನಿಯ ಶೆಡ್ಡು ರಬಾಳೆ ಸ್ಟೇಷನ್ನಿನಿಂದ ಹತ್ತು ನಿಮಿಷದ ದಾರಿ. ಒಳಗೆ ಉದ್ದದ ಮೇಜಿನ ಮೇಲೆ ವಿಮಾನವನ್ನು ಮಲಗಿಸಿದ್ದರು. ಕಾಗದದಲ್ಲಿ ಅದಕ್ಕೆ ಏನೋ ನಂಬರಿದೆ. ಶೆಡ್ಡಿನಲ್ಲಿ ಎಲ್ಲರಿಗೂ ಅದು ಕೊಕ್ಕರೆ. ನಾಲ್ಕು ಉದ್ದದ ಕಾಲು, ಎರಡು ರೆಕ್ಕೆ, ರೆಕ್ಕೆಯ ತುದಿಗಳಲ್ಲಿ ಪಂಖ. ಹೆಲಿಕಾಪ್ಟರಿನ ಹಾಗೆ ನೆಟ್ಟಗೆ ಏಳುತ್ತದೆ, ಮೇಲೆ ಹೋದಮೇಲೆ ಪಂಖಗಳನ್ನು ಮುಂದಕ್ಕೆ ಬಾಗಿಸಿ ವಿಮಾನದ ಹಾಗೆ ಹಾರುತ್ತದೆ. ಕರಂಜಾದ ಮೀನಿನ ದೋಣಿಯವರು ನಾಲ್ಕು ದಿನದ ಮೇಲೆ ಬಲೆಯಲ್ಲಿ ಎತ್ತಿ ತಂದದ್ದು. ಒಂದು ರೆಕ್ಕೆಗೆ ಇನ್ನೂ ಬಲೆಯ ನೂಲು ಸುತ್ತಿಕೊಂಡಿತ್ತು.

ಈ ವಿಮಾನದ ವಿಚಾರದಲ್ಲಿ ನಾನು ಸುಳ್ಳು ಹೇಳುವುದಿಲ್ಲ. ಯಾಕೆ ಎಂದು ಕೊನೆಗೆ ಗೊತ್ತಾಗುತ್ತದೆ.

ಹಡಗಿನ ಮೇಲೆ ನಿಂತವನಿಗೆ ಕಾಣುವುದು ಕಡಲು ಬಾಗುವಲ್ಲಿಯವರೆಗೆ ಮಾತ್ರ. ಅದರಾಚೆ ದೋಣಿ ಮುಗುಚಿದರೆ, ಮನುಷ್ಯ ನೀರಿಗೆ ಬಿದ್ದರೆ, ಗೊತ್ತಾಗುವ ಹೊತ್ತಿಗೆ ಎಲ್ಲ ಮುಗಿದಿರುತ್ತದೆ. ನೌಕಾಪಡೆಯ ದೊಡ್ಡ ಹಡಗುಗಳಲ್ಲಿ ಹೆಲಿಕಾಪ್ಟರ್ ಇರುತ್ತದೆ, ಸಣ್ಣ ಗಸ್ತು ಹಡಗಿನಲ್ಲಿ ಅದಕ್ಕೆ ಜಾಗ ಎಲ್ಲಿಂದ ತರುವುದು. ಕೊಕ್ಕರೆಗೆ ಡೊಂಬಿವಲಿಯ ಒಂದು ಬೆಡ್‌ರೂಮ್ ಫ್ಲ್ಯಾಟಿನ ಹಾಲಿನಷ್ಟು ಜಾಗ ಸಾಕು. ಹೊಟ್ಟೆಯಲ್ಲಿ ಮಡಚಿದ ರಬ್ಬರಿನ ತೆಪ್ಪ ಇಟ್ಟುಕೊಂಡು ಹೋಗಿ, ಬಿದ್ದವನ ಪಕ್ಕದಲ್ಲಿ ಹಾಕಿ, ಮರಳಿ ಬರಬೇಕು.

ಹೋಗುವುದು ಸುಲಭ. ಇಳಿಯುವುದೇ ಕಷ್ಟ. ಹಡಗಿನ ಡೆಕ್ ಒಂದು ಕ್ಷಣ ಮೇಲೆ, ಒಂದು ಕ್ಷಣ ಕೆಳಗೆ, ನಡುವೆ ಎಡಕ್ಕೂ ಬಲಕ್ಕೂ ವಾಲುತ್ತದೆ. ಉಪಗ್ರಹ ಹೇಳುವುದು ನೀನು ಎಲ್ಲಿದ್ದೀ ಎಂದು ಮಾತ್ರ. ಮುಂದಿನ ಕ್ಷಣಕ್ಕೆ ಡೆಕ್ ಎಲ್ಲಿರುತ್ತದೆ ಎಂದು ಅದಕ್ಕೇನು ಗೊತ್ತು.

ಅದಕ್ಕೆ ಡೆಕ್ಕಿನ ನಾಲ್ಕು ಮೂಲೆಗೆ ನಾಲ್ಕು ದೀಪ, ಮನುಷ್ಯರ ಕಣ್ಣಿಗೆ ಕಾಣದ ಬೆಳಕಿನವು. ಕೊಕ್ಕರೆಯ ಹೊಟ್ಟೆಯ ಅಡಿಯಲ್ಲಿ ಎರಡು ಕಣ್ಣು, ಮೂಗಿನ ಹತ್ತಿರ ಒಂದು, ಬಾಲದ ಹತ್ತಿರ ಒಂದು. ಕೋಟಿನ ಗುಂಡಿಯಷ್ಟು ಅಗಲದ ಕಪ್ಪು ಗಾಜು. ಆ ಕಣ್ಣು ದೀಪಗಳನ್ನೇ ನೋಡುತ್ತಾ ಅಲೆಯ ಲಯ ಕಲಿತುಕೊಂಡು, ಡೆಕ್ ಮೇಲೆ ಬರುವ ಹೊತ್ತಿಗೆ ಸರಿಯಾಗಿ ಕಾಲು ಊರುತ್ತದೆ. ಒಂದು ಕಣ್ಣಿಗೆ ಏನಾದರೂ ಆದರೆ ಇನ್ನೊಂದೇ ಸಾಕು.

ಇದು ನಿಶ್ಮಿತಾಳ ಲೆಕ್ಕಾಚಾರ. ಠಾಕುರ್ಲಿಯಲ್ಲಿ ಹುಟ್ಟಿ ಬೆಳೆದ ಹುಡುಗಿ. ನಾವು ಕನ್ನಡದಲ್ಲಿ ಕೇಳಿದರೆ ಅವಳು ಹಿಂದಿಯಲ್ಲಿ ಉತ್ತರ ಕೊಡುತ್ತಾಳೆ. ಓಡುವ ಲೋಕಲಿಗೆ ಹಾರುವವರು ಗಾಡಿಯನ್ನು ನೋಡುವುದಿಲ್ಲ, ಹಿಡಿಯಬೇಕಾದ ಆ ಒಂದು ಕಂಬಿಯನ್ನು ನೋಡುತ್ತಾರೆ, ಅದರಿಂದಲೇ ಈ ಯೋಚನೆ ಬಂತು ಎಂದು ಅವಳು ನನಗೆ ಹೇಳಿದ್ದಳು. ಅದನ್ನು ಅವಳಿಗೆ ಹೇಳಿಕೊಟ್ಟದ್ದೇ ನಾನು ಎಂದು ಡೊಂಬಿವಲಿಯಲ್ಲಿ ಅರ್ಧ ಜನರಿಗೆ ಹೇಳಿದ್ದೇನೆ.

ಆ ದಿನ ಕೊಕ್ಕರೆ ಹಡಗಿನ ಮೇಲೆ ಮೂರು ಸಲ ಸುತ್ತಿತು. ಮೂರು ಸಲವೂ ಇಳಿಯಲು ಬಂದು, ದೀಪ ಕಾಣದೆ, ಮತ್ತೆ ಮೇಲಕ್ಕೆ ಹೋಯಿತು. ಬ್ಯಾಟರಿ ಮುಗಿಯುವ ಹೊತ್ತಿಗೆ ಹಡಗಿಗೆ ತಾಗದ ಹಾಗೆ ದೂರ ಹೋಗಿ ತಾನಾಗಿಯೇ ನೀರಿಗೆ ಕೂತಿತು. ಕುರುಡರು ಪ್ಲ್ಯಾಟ್‌ಫಾರ್ಮಿನ ಅಂಚಿನಿಂದ ಹಿಂದೆ ಸರಿದು ನಿಲ್ಲುತ್ತಾರಲ್ಲ, ಹಾಗೆ.

ನಾನು ಶೆಡ್ಡಿಗೆ ಹೋದಾಗ ಪೂವಪ್ಪ ಬಕೆಟ್ಟಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು. ಅರುವತ್ತರ ಹತ್ತಿರದ ಮೆಕ್ಯಾನಿಕ್, ಕೊಕ್ಕರೆಯ ಕಾಲುಗಳನ್ನು ಮಾಡಿದವರು. ಎರಡು ಕಣ್ಣುಗಳನ್ನೂ ಗೂಡಿನ ಸಮೇತ ಬಿಚ್ಚಿ ತೆಗೆದಿದ್ದರು. ಹಿಂದಿನದು ಕೆಸರು ಕಚ್ಚಿಕೊಂಡು ಬಕೆಟ್ಟಿನಲ್ಲಿ ನೆನೆಯುತ್ತಿತ್ತು. ಮುಂದಿನದು ಅವರ ಅಂಗೈಯಲ್ಲಿತ್ತು.

ಗಾಜಿನ ಸುತ್ತಲಿನ ರಬ್ಬರ್ ಬಳೆಯ ಸಂದಿನಲ್ಲಿ ಹಳದಿ ಛಾಯೆಯ ಪುಡಿ ಇತ್ತು. ಪೂವಪ್ಪ ಉಗುರಿನಿಂದ ಗೀರಿದರು. ಸುಲಭವಾಗಿ ಬಂತು. ಮೂಗಿನ ಹತ್ತಿರ ಹಿಡಿದು ನೋಡಿದರು.

"ಎಂತ ಇದು ದಯಾನಂದಣ್ಣ?"

ನಾನು ಭೂತಗನ್ನಡಿ ತೆಗೆದೆ. ಇಡೀ ಮಹಾರಾಷ್ಟ್ರದಲ್ಲಿ ಅಷ್ಟು ದೊಡ್ಡದು ಇನ್ನೊಂದಿಲ್ಲ. ಬಹಳ ಹೊತ್ತು ನೋಡಿ, ಇದು ಕಡಲುಪ್ಪು, ಬಿಸಿಲಿಗೆ ಹಳದಿ ತಿರುಗಿದೆ, ಉಪ್ಪಿನ ನೂರಾ ನಲವತ್ತು ಜಾತಿಗಳನ್ನು ನಾನು ಕಣ್ಣು ಮುಚ್ಚಿ ಗುರುತಿಸಬಲ್ಲೆ ಎಂದೆ.

ಕಿಟಕಿಯ ಹತ್ತಿರ ಕಂಪ್ಯೂಟರಿನ ಮುಂದೆ ಕೂತಿದ್ದ ನಿಶ್ಮಿತಾ ತಿರುಗಿ ನನ್ನನ್ನು ನೋಡಿದಳು. ಒಂದು ಕ್ಷಣ ಹೆಚ್ಚೇ ನೋಡಿದಳು.

ಮೂರು ಗಂಟೆಗೆ ಅಪರಾಧಿಯ ಹೆಸರು ಹೇಳುತ್ತೇನೆ, ಎಲ್ಲರೂ ಇರಬೇಕು ಎಂದು ನಾನು ಸಾರಿದೆ.

"ಠೀಕ್ ಹೈ ಅಂಕಲ್," ಎಂದಳು. "ತೀನ್ ಬಜೆ."

ಮಧ್ಯಾಹ್ನದವರೆಗೆ ಕೂತು ಕಾಗದಗಳನ್ನು ನೋಡಿದೆ. ಆ ಸೋಮವಾರದ ಬೆಳಿಗ್ಗೆ ಹೀಗಿತ್ತು. ಉರಣದ ಹತ್ತಿರದ ಸಣ್ಣ ಜೆಟ್ಟಿ. ಒಂದು ತುದಿಯಲ್ಲಿ ಬಾಡಿಗೆ ಹಡಗು, ಇನ್ನೊಂದು ತುದಿಯಲ್ಲಿ ಕೊಕ್ಕರೆ. ಒಂಬತ್ತಕ್ಕೆ ಪೂಜೆ. ಈ ಕಂಪನಿಯಲ್ಲಿ ಪೂಜೆಗೂ ಒಂದು ಕಾಯಿದೆ ಇದೆ, ಮಾಡಿದವಳು ನಿಶ್ಮಿತಾ. ಕೊಕ್ಕರೆಯ ಕಾಲುಗಳಿಗೆ ಮೊಣಕಾಲಿನ ಎತ್ತರದಲ್ಲಿ ಕೆಂಪು ಪಟ್ಟಿ ಸುತ್ತಿರುತ್ತಾಳೆ. ಹೂವು, ಕುಂಕುಮ, ಅರಿಶಿನ ಏನಿದ್ದರೂ ಪಟ್ಟಿಯಿಂದ ಕೆಳಗೆ. ಕಾಯಿ ಒಡೆಯುವುದು ಇಪ್ಪತ್ತು ಹೆಜ್ಜೆ ದೂರ. ದೇವರಿಗೆ ಕಾಲು ಸಾಕು ಎಂದು ಅವಳು ಹೇಳಿದಾಗ ಪೂವಪ್ಪನವರಿಗೆ ಒಂದು ವಾರ ಸಿಟ್ಟಿತ್ತಂತೆ.

ಪೂಜೆಯ ಮೇಲೆ ಪರೀಕ್ಷೆ. ಒಂಬತ್ತೂವರೆಗೆ ಅವಳು ಎರಡೂ ಕಣ್ಣು ಒರೆಸಿ, 'ಸ್ವಚ್ಛ' ಎಂದು ಬರೆದು ಸಹಿ ಹಾಕಿದಳು. ಅಲ್ಲಿಂದಾಚೆ ಎಲ್ಲರೂ ಗೇಟಿನ ಹತ್ತಿರ ಅವಲಕ್ಕಿ ಪ್ರಸಾದಕ್ಕೆ ಹೋದರು. ಅರ್ಧ ಗಂಟೆ ಕೊಕ್ಕರೆ ಒಂಟಿ. ಹತ್ತಕ್ಕೆ ಹಡಗು ಹೊರಟಿತು, ಹನ್ನೊಂದಕ್ಕೆ ಕೊಕ್ಕರೆ ಎದ್ದಿತು. ದೀಪಗಳು ಇರುವುದು ಹಡಗಿನಲ್ಲಿ ಮಾತ್ರ. ಹಾಗಾಗಿ ಕಣ್ಣು ಮುಚ್ಚಿದೆಯೋ ತೆರೆದಿದೆಯೋ ಎಂದು ನೆಲದ ಮೇಲೆ ಇರುವಷ್ಟು ಹೊತ್ತು ಕೊಕ್ಕರೆಗೇ ತಿಳಿಯದು. ಅದಕ್ಕೇ ಆ ಸಹಿಗೆ ಅಷ್ಟು ಬೆಲೆ.

ಕಂಪನಿಯ ಮಾಲೀಕ ಮೋಹನದಾಸರ ಹೇಳಿಕೆಯೂ ಫೈಲಿನಲ್ಲಿತ್ತು, ನೌಕರರ ಅಜಾಗ್ರತೆಯಿಂದ ವಿಮಾನ ಹೋದರೆ ಪೂರ್ತಿ ಹಣ ಕೊಡುವ ವಿಮೆಯ ಕಾಗದದ ಜೊತೆಗೆ. ಅವರು ಬರೆದದ್ದು ಇಷ್ಟು: ಒಂಬತ್ತೂವರೆಗೇ ಅತಿಥಿಗಳಿಗಿಂತ ಮೊದಲು ಹಡಗು ಹತ್ತಿ ಕ್ಯಾಪ್ಟನ್ನನ ಕ್ಯಾಬಿನ್ನಿನಲ್ಲಿ ಕೂತಿದ್ದೆ, ಆಮೇಲೆ ಇಳಿದಿಲ್ಲ. ಸಹಿಯಾದ ಮೇಲೆ ಕೊಕ್ಕರೆಯ ಹತ್ತಿರ ಯಾರೂ ಹೋಗಿಲ್ಲ. ಹುಡುಗಿ ಒರೆಸಿದ ಬಟ್ಟೆಯಲ್ಲೇ ಎಣ್ಣೆ ಇದ್ದಿರಬೇಕು, ಕೆಟ್ಟ ಮನಸ್ಸಿನಿಂದಲ್ಲ, ಅಜಾಗ್ರತೆಯಿಂದ. ಬಹಳ ಮೆತ್ತಗೆ ಬರೆದಿದ್ದರು. ಓದಿದರೆ ಅವರ ಮೇಲೆ ಪ್ರೀತಿ ಬರಬೇಕು.

ನನಗೆ ಮಾತ್ರ ಪ್ರೇಮನಾಥನ ನೆನಪು ಬಂತು. ನಿಶ್ಮಿತಾಳ ಅಪ್ಪ, ಠಾಕುರ್ಲಿ ಸ್ಟೇಷನ್ನಿನ ಹತ್ತಿರ ಹೋಟೆಲಿನವನು, ಇಪ್ಪತ್ತು ವರ್ಷದಿಂದ ನನ್ನ ಗೆಳೆಯ. ಈ ಪತ್ತೆಗೆ ನನ್ನನ್ನು ಕಳಿಸಿದವನೇ ಅವನು. ನಿನ್ನೆ ರಾತ್ರಿ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂತು ಸಮಾಧಾನವಾಗಿಯೇ ಹೇಳಿದ್ದ. ಮಗಳು ಎಂಟು ದಿನದಿಂದ ಮನೆಯಲ್ಲಿ ಯಾವ ಕಾಗದಕ್ಕೂ ಸಹಿ ಹಾಕುತ್ತಿಲ್ಲವಂತೆ. ಕೊರಿಯರಿನವನು ಬಂದರೂ ಅಮ್ಮನನ್ನು ಕರೆಯುತ್ತಾಳಂತೆ.

ಮೂರು ಗಂಟೆಗೆ ಶೆಡ್ಡಿನಲ್ಲಿ ನಾವು ನಾಲ್ವರು. ಸ್ಟೂಲಿನ ಮೇಲೆ ಲತೀಶ್, ಕೊಕ್ಕರೆಯ ದೀಪಗಳನ್ನು ಮಾಡಿದ ಇಂಜಿನಿಯರ್. ನೋಟಿಸ್ ಕೊಟ್ಟು ಪುಣೆಯ ಇನ್ನೊಂದು ಕಂಪನಿಗೆ ಹೊರಟವನು. ಕಳೆದ ಒಂದು ವಾರ ನಾನು ಅವನನ್ನು ಮಾಜಿವಾಡಾದ ಅವನ ಬಿಲ್ಡಿಂಗಿನಿಂದ ರಬಾಳೆಯವರೆಗೆ ನೆರಳಿನ ಹಾಗೆ ಹಿಂಬಾಲಿಸಿದ್ದೆ. ಎರಡು ದಿನ ಅವನೇ ನನಗೆ ರಿಕ್ಷಾದಲ್ಲಿ ಜಾಗ ಕೊಟ್ಟಿದ್ದ, ಆ ಮಾತು ಬೇರೆ.

ನಾನು ಕೈ ಹಿಂದೆ ಕಟ್ಟಿಕೊಂಡು ಅತ್ತಿಂದಿತ್ತ ನಡೆದೆ. ಕಂಪನಿ ಬಿಡುವವನಿಗೆ ಕಂಪನಿ ಮುಳುಗಿದರೇನು ಎಂದೆ. ದೀಪ ಮಾಡಿದವನಿಗಲ್ಲದೆ ಕಣ್ಣಿನ ಗುಟ್ಟು ಯಾರಿಗೆ ಗೊತ್ತು ಎಂದೆ. ಕೊನೆಗೆ ಅವನ ಅಂಗಿಯ ತೋಳಿನತ್ತ ಬೆರಳು ತೋರಿಸಿ, ಆ ಹಳದಿ ಕಲೆ ಎಲ್ಲಿಂದ ಬಂತು ಎಂದು ಗುಡುಗಿದೆ.

ಲತೀಶ್ ತೋಳು ನೋಡಿಕೊಂಡ. ವಡಾಪಾವಿನದು, ಈಗ ತಿಂದದ್ದು ಎಂದ. ಬೇಕಾದರೆ ಮೂಸಿ ನೋಡಿ ಎಂದು ತೋಳು ಚಾಚಿದ.

ಆಮೇಲೆ ಶಾಂತವಾಗಿಯೇ ಹೇಳಿದ. ಆ ದಿನ ಬೆಳಿಗ್ಗೆ ಎಂಟರಿಂದ ಅವನು ಹಡಗಿನಲ್ಲಿದ್ದ, ಡೆಕ್ಕಿನಲ್ಲಿ ಮೊಣಕಾಲೂರಿ ದೀಪ ಕಟ್ಟುತ್ತಿದ್ದ, ಹಡಗಿನ ಹತ್ತೊಂಬತ್ತು ಜನ ನೋಡಿದ್ದಾರೆ. ಪೂಜೆಗೂ ಇಳಿದಿರಲಿಲ್ಲ, ಅವಲಕ್ಕಿಯೂ ಸಿಕ್ಕಿರಲಿಲ್ಲ.

"ಹಡಗು ಬಿಟ್ಟ ಮೇಲೆ ಬಾಸೇ ಬಂದು ಚಾ ಆಯ್ತಾ ಕೇಳಿದ್ರು," ಎಂದ. "ಅದಕ್ಕೆ ಮೊದಲು ಅವರನ್ನೂ ನಾನು ಕಂಡದ್ದಿಲ್ಲ. ಇದೆಲ್ಲ ನಿಮಗೆ ಗೊತ್ತುಂಟಲ್ಲ ಮಾರಾಯ್ರೆ, ಮೊನ್ನೆ ರಿಕ್ಷಾದಲ್ಲಿ ಹೇಳಿದ್ದೇನಲ್ಲ."

ಹೇಳಿದ್ದು ಹೌದು. ನನಗೆ ಗೊತ್ತಿದ್ದದ್ದೂ ಹೌದು.

ಪೂವಪ್ಪ ತಲೆ ತಗ್ಗಿಸಿ ಬಕೆಟ್ಟು ನೋಡುತ್ತಿದ್ದರು. ನಿಶ್ಮಿತಾ ಎದ್ದು ಬಂದು ಮೇಜಿನ ಮೇಲೆ ತನ್ನ ಫೋನ್ ಇಟ್ಟಳು, ನನ್ನ ಕಡೆಗೆ ತಿರುಗಿಸಿ.

"ಅಂಕಲ್, ಇದು ನಿನ್ನೆ ಸಂಜೆ ಅಮ್ಮನ ಫೋನಿನಲ್ಲಿ ಸಿಕ್ಕಿತು."

ಕನ್ನಡದಲ್ಲಿ ಹೇಳಿದಳು. ಅವಳ ಬಾಯಿಂದ ನಾನು ಒಂದು ಇಡೀ ಕನ್ನಡ ವಾಕ್ಯ ಕೇಳಿದ್ದು ಅದೇ ಮೊದಲು.

ನಮ್ಮ ಕರಾವಳಿಯವರದ್ದೊಂದು ವಾಟ್ಸಾಪ್ ಗುಂಪಿದೆ. ಡೊಂಬಿವಲಿ, ಠಾಕುರ್ಲಿ, ಕಲ್ಯಾಣದ ಇನ್ನೂರು ಮನೆಗಳು. ಅವಳ ಅಮ್ಮ ಜಯಲತಾ ಅದರಲ್ಲಿದ್ದಾಳೆ, ಬಂದ ಎಲ್ಲ ಫೋಟೋಗಳೂ ಆಕೆಯ ಫೋನಿನಲ್ಲಿ ತಾವಾಗಿ ಉಳಿದುಕೊಳ್ಳುತ್ತವೆ. ಜಾಗ ಇಲ್ಲವೆಂದು ನಿನ್ನೆ ಒಂದೊಂದಾಗಿ ಅಳಿಸುತ್ತಿದ್ದಳಂತೆ.

ಫೋಟೋದಲ್ಲಿ ಕೊಕ್ಕರೆ ನಿಂತಿತ್ತು. ಕೆಂಪು ಪಟ್ಟಿಗಿಂತ ಬಹಳ ಮೇಲೆ, ಮೂಗಿನ ಅಡಿಗೆ, ಒಬ್ಬ ಮನುಷ್ಯ ಬೆರಳು ಚಾಚಿ ಗಂಧದ ಬೊಟ್ಟು ಇಡುತ್ತಿದ್ದ. ಮುಖ ಮಾತ್ರ ಕ್ಯಾಮೆರಾದ ಕಡೆಗಿತ್ತು, ಬಹಳ ಗಂಭೀರವಾಗಿ.

ಆ ಮನುಷ್ಯ ನಾನು.

"ಗುಂಪಿನಿಂದ ನೀವು ಅಳಿಸಿದ್ದೀರಿ," ಎಂದಳು. "ಅಳಿಸಿದ ಗುರುತು ಅಲ್ಲೇ ಇದೆ. ಒಂಬತ್ತು ಐವತ್ತೆರಡು. ಏನು ಬರೆದಿದ್ದಿರಿ ಎಂದು ಅಮ್ಮನಿಗೆ ಬಾಯಿಪಾಠ ಬರುತ್ತದೆ."

ನನಗೂ ಬರುತ್ತದೆ. 'ನೌಕಾಪಡೆಯ ಅಡ್ಮಿರಲ್ಲರ ಕೋರಿಕೆಯ ಮೇರೆಗೆ ನೂತನ ಯುದ್ಧವಿಮಾನಕ್ಕೆ ನನ್ನ ಹಸ್ತದಿಂದ ತಿಲಕ. ಛಾಯಾಚಿತ್ರ: ನೌಕಾಪಡೆಯ ಅಧಿಕೃತ ಛಾಯಾಗ್ರಾಹಕರು.'

ಹೇಳಲು ಹತ್ತು ಕಥೆಗಳು ನನ್ನ ನಾಲಿಗೆಯ ಮೇಲೆ ಸಿದ್ಧವಾಗಿಯೇ ಇದ್ದವು. ನನ್ನ ಹಾಗೆಯೇ ಇರುವ ಇನ್ನೊಬ್ಬನಿದ್ದಾನೆ ಎನ್ನಬಹುದಿತ್ತು. ಅವಳ ಬಲಗೈ ಕಣ್ಣಿಗೆ ಬಿತ್ತು. ಹೆಬ್ಬೆರಳಿನಿಂದ ತೋರುಬೆರಳನ್ನು ಉಜ್ಜುತ್ತಲೇ ಇದ್ದಳು, ಸಹಿ ಹಾಕುವ ಬೆರಳನ್ನು.

ಸ್ಟೂಲಿನ ಮೇಲಿಂದ ಲತೀಶ್ ಎದ್ದು ಜಾಗ ಬಿಟ್ಟ. ನಾನು ಕೂತೆ.

ಆ ಸೋಮವಾರ ಪ್ರೇಮನಾಥ ನನ್ನನ್ನೂ ಪೂಜೆಗೆ ಕರೆದಿದ್ದ, ಆದರೆ ನಾನು ಹೊತ್ತಿಗೆ ಸಿಗಲಿಲ್ಲ ಎಂದೆ. ಡೊಂಬಿವಲಿಯಲ್ಲಿ ಮೂರು ಗಾಡಿ ಬಿಟ್ಟೆ, ಹತ್ತಲಾಗಲಿಲ್ಲ. ನಾಲ್ಕನೆಯದರ ಬಾಗಿಲಲ್ಲಿ ಒಂದು ಕಾಲು ಇಡಲು ಜಾಗ ಸಿಕ್ಕಿತು, ಇನ್ನೊಂದು ಕಾಲು ಥಾಣೆಯವರೆಗೆ ಗಾಳಿಯಲ್ಲೇ ಇತ್ತು. ಇವತ್ತೂ ಹಾಗೇ ಬಂದದ್ದು. ಮೊದಲ ಸಾಲುಗಳಲ್ಲಿ ಬರೆದ ಆ ನಿದ್ದೆ, ಆ ಕನಸು, ಆ ಚಪ್ಪಲಿಯ ಸೀಟು, ಯಾವುದೂ ಇಲ್ಲ.

ಜೆಟ್ಟಿಗೆ ಬಂದಾಗ ಎಲ್ಲರೂ ಗೇಟಿನ ಆಚೆ ಅವಲಕ್ಕಿ ತಿನ್ನುತ್ತಿದ್ದರು. ನನ್ನ ಕಿಸೆಯಲ್ಲಿ ಊರಿನ ದೇವಸ್ಥಾನದ ಗಂಧಪ್ರಸಾದ ಇತ್ತು, ಬಾಳೆಲೆಯ ಚೂರಿನಲ್ಲಿ ಒಣಗಿದ್ದು. ನಮ್ಮವರು ಹೊಸ ಸ್ಕೂಟರಿಗೂ ಫ್ರಿಜ್ಜಿಗೂ ಗಂಧ ಇಡುತ್ತೇವೆ, ಕಡಲು ದಾಟುವ ಹಕ್ಕಿಗೆ ಕಾಲಿಗೆ ಮಾತ್ರ ಕುಂಕುಮವೇ ಎಂದು ಅನ್ನಿಸಿತು. ಹಣೆ ಯಾವುದು ಎಂದು ಹುಡುಕಿದೆ. ಮೂಗಿನ ಅಡಿಗೆ ದುಂಡಗೆ ಕಪ್ಪಗೆ ಹೊಳೆಯುವ ಒಂದು ಜಾಗ ಇತ್ತು, ಅಲ್ಲಿ ಬೊಟ್ಟಿಗೆಂದೇ ಬಿಟ್ಟ ಹಾಗೆ. ಬಾಟಲಿಯ ನೀರಿನಲ್ಲಿ ಗಂಧ ಕಲಸಿ ಇಟ್ಟೆ.

ಅದು ಕಣ್ಣು ಎಂದು ಸಂಜೆ ಗೊತ್ತಾಯಿತು.

"ಎಂಟು ದಿನ," ಎಂದಳು ನಿಶ್ಮಿತಾ.

"ಇನ್ನೊಂದು ಕಣ್ಣು ಇತ್ತಲ್ಲ ಮಗಾ. ಒಂದೇ ಸಾಕು ಎಂದು ನೀನೇ ಹೇಳಿದ್ದೆ. ನನ್ನ ಬೊಟ್ಟಿನಿಂದ ಬಿದ್ದದ್ದಲ್ಲ, ಬೇರೆ ಯಾರೋ ಏನೋ ಮಾಡಿದ್ದಾರೆ, ಅವನನ್ನು ಹಿಡಿದುಬಿಟ್ಟರೆ ನನ್ನದು ಹೇಳಲೇಬೇಕಾಗಿಲ್ಲ, ಹಾಗೆ ಅಂದುಕೊಂಡೆ."

ಅವಳು ಪೂವಪ್ಪನವರ ಕಡೆ ನೋಡಿದಳು. ಪೂವಪ್ಪ ಬಕೆಟ್ಟಿಗೆ ಕೈ ಹಾಕಿ ಎರಡನೇ ಕಣ್ಣನ್ನು ಎತ್ತಿದರು, ಬಟ್ಟೆಯಿಂದ ಒರೆಸಿ ನನ್ನ ಮುಂದೆ ಇಟ್ಟರು.

ಕೆಸರು ಹೋಗಿತ್ತು. ಗಾಜಿನ ನಡುವೆ ದುಂಡಗೆ ಒಂದು ಹಳದಿ ಬೊಟ್ಟು ಇತ್ತು.

"ಎರಡಕ್ಕೂ ಯಾಕೆ ಇಟ್ಟಿರಿ?" ಎಂದಳು.

"ನಾನು ಒಂದೇ ಇಟ್ಟದ್ದು."

ಲತೀಶ್ ಗೋಡೆಯ ಕಡೆ ಮುಖ ತಿರುಗಿಸಿದ. ಪೂವಪ್ಪ ನಿಟ್ಟುಸಿರು ಬಿಟ್ಟರು. ನಾನು ಇಬ್ಬರ ಮುಖವನ್ನೂ ನೋಡಿದೆ. ಇಪ್ಪತ್ತು ವರ್ಷ ಈ ಜನರಿಗೆ ನಾನು ಕಥೆ ಹೇಳಿದ್ದೇನೆ. ನಿಜ ಹೇಳುವ ಹೊತ್ತಿಗೂ ನನ್ನ ಹತ್ತಿರ ಇದ್ದದ್ದು ಅದೇ ದನಿ, ಅದೇ ಮುಖ. ಇನ್ನೊಂದು ಇಟ್ಟುಕೊಂಡಿರಲಿಲ್ಲ.

ಒಂದೇ ಎಂದು ಮತ್ತೊಮ್ಮೆ ಹೇಳಿದೆ. ಬೇಕಾದರೆ ಫೋಟೋ ನೋಡಿ ಎಂದೆ.

ನಿಶ್ಮಿತಾ ಫೋಟೋವನ್ನು ಎರಡು ಬೆರಳಿನಿಂದ ಹಿಗ್ಗಿಸಿದಳು. ಹಿಂದಿನ ಕಣ್ಣು ಇರಬೇಕಾದ ಜಾಗಕ್ಕೆ ಸರಿಯಾಗಿ ನನ್ನ ಹೊಟ್ಟೆ ಅಡ್ಡ ನಿಂತಿತ್ತು. ಅಷ್ಟೇನೂ ದೊಡ್ಡದಲ್ಲ ಎಂದು ನಾನು ಯಾವಾಗಲೂ ಹೇಳಿಕೊಂಡು ಬಂದ ಹೊಟ್ಟೆ.

ಅಷ್ಟರಲ್ಲಿ ಪೂವಪ್ಪ ಅಭ್ಯಾಸಬಲದಿಂದ ಆ ಹಳದಿ ಬೊಟ್ಟನ್ನು ಉಗುರಿನಿಂದ ಗೀರುತ್ತಿದ್ದರು. ಇನ್ನೊಮ್ಮೆ ಗೀರಿದರು. ಸ್ಕ್ರೂಡ್ರೈವರ್ ತಂದು ಅದರ ತುದಿಯಿಂದ ಗೀರಿದರು.

"ಬರುವುದಿಲ್ಲ," ಎಂದರು. "ಬೆಳಿಗ್ಗೆಯದ್ದು ಪುಡಿಯಾಗಿ ಬಂತು, ಅದು ಗಂಧವೇ, ಮೂಗಿಗೆ ಗೊತ್ತಾಗಿತ್ತು ನನಗೆ. ಇದು ಗಂಧ ಅಲ್ಲ ನಿಶ್ಮಿತಾ. ಇದು ನಮ್ಮದೇ ಅಂಟು, ರೆಕ್ಕೆಗೆ ಹಾಕುವುದು. ನಾಲ್ಕು ದಿನ ಅಲ್ಲ, ನಾಲ್ಕು ವರ್ಷ ನೀರಿನಲ್ಲಿದ್ದರೂ ಹೋಗುವುದಿಲ್ಲ."

ರೆಕ್ಕೆಯ ಅಂಟು ಇರುವುದು ಈ ಶೆಡ್ಡಿನ ಕಪಾಟಿನಲ್ಲಿ. ಒಣಗಿದರೆ ಗಂಧದ ಬಣ್ಣ.

ನಿಶ್ಮಿತಾ ಬಹಳ ಹೊತ್ತು ಆ ಗಾಜನ್ನೇ ನೋಡಿದಳು. ಅವಳ ಬೆರಳು ಉಜ್ಜುವುದನ್ನು ನಿಲ್ಲಿಸಿತ್ತು. ಆಮೇಲೆ ಮತ್ತೆ ಫೋನ್ ಎತ್ತಿಕೊಂಡಳು. ಈ ಸಲ ಹಿಗ್ಗಿಸಿದ್ದು ನನ್ನನ್ನಲ್ಲ, ನೆಲವನ್ನು. ಜೆಟ್ಟಿಯ ಕಾಂಕ್ರೀಟಿನ ಮೇಲೆ, ನನ್ನ ಪಾದಗಳವರೆಗೂ, ಫೋಟೋ ತೆಗೆಯುವವರ ನೆರಳು ಬಿದ್ದಿತ್ತು. ದೊಡ್ಡ ಕ್ಯಾಮೆರಾ ಇಲ್ಲ, ನೌಕಾಪಡೆಯ ಟೋಪಿ ಇಲ್ಲ. ಎರಡು ಕೈಯಲ್ಲಿ ಫೋನ್ ಹಿಡಿದು ನಿಂತ ಒಬ್ಬ ಮನುಷ್ಯ.

ಅವಳು ಕೇಳುವ ಮೊದಲೇ ನನಗೆ ಅರ್ಥವಾಯಿತು. ಪೂರ್ತಿ ಅರ್ಥವಾದದ್ದು ಆಗಲೇ.

ಪ್ರೇಮನಾಥ ಕೇಳಿದ ಕೂಡಲೇ ನನ್ನನ್ನು ಪತ್ತೆಗೆ ಇಟ್ಟುಕೊಳ್ಳಲು ಒಪ್ಪಿದವರು ಒಬ್ಬರಿದ್ದರು. ಬೇರೆ ಯಾರೂ ಬೇಡ, ದಯಾನಂದರಿದ್ದರೆ ಸಾಕು ಎಂದಿದ್ದರು. ನನ್ನ ಕೊರಳಿಗೆ 'ಭದ್ರತಾ ಸಲಹೆಗಾರರು' ಎಂಬ ಪಾಸು ಹಾಕಿಸಿದ್ದರು. ನನ್ನ ಪ್ರತಾಪ ಅಷ್ಟು ದೂರ ಹಬ್ಬಿದೆ ಎಂದು ನಾನು ಒಂದು ವಾರ ಉಬ್ಬಿದ್ದೆ. ಹಬ್ಬಿದ್ದದ್ದು ನಿಜ. ನಾನು ಏನು ಹೇಳಿದರೂ ಯಾರೂ ನಂಬುವುದಿಲ್ಲ ಎನ್ನುವುದು ಅವರಿಗೂ ತಲುಪಿತ್ತು.

ಹೊರಗೆ ಕಾರು ನಿಂತಿತು. ಬಾಗಿಲು ಮುಚ್ಚಿದ ಸದ್ದು, ಎರಡು ಮೂರು ಜನರ ಹೆಜ್ಜೆ. ಗೋಡೆಯ ಗಡಿಯಾರದಲ್ಲಿ ನಾಲ್ಕಕ್ಕೆ ಐದು ನಿಮಿಷ.

ಮೋಹನದಾಸರು ಒಳಗೆ ಬಂದರು, ಹಿಂದೆ ಫೈಲು ಹಿಡಿದ ಇಬ್ಬರು, ತನಿಖೆಯ ವರದಿ ಬರೆಯುವವರು. ಬಿಳಿ ಅಂಗಿ, ಮೆತ್ತಗಿನ ನಗು. ಮೇಜಿನ ಮೇಲಿದ್ದ ಎರಡು ಕಣ್ಣುಗಳನ್ನು ನೋಡಿದರು, ನನ್ನನ್ನು ನೋಡಿದರು.

"ಏನು ದಯಾನಂದರೇ, ಸಿಕ್ಕಿದನಾ ನಿಮ್ಮ ಕಳ್ಳ?"

ನಿಶ್ಮಿತಾ ಅವರ ಕಡೆ ತಿರುಗಲಿಲ್ಲ. ಫೋನನ್ನು ನನ್ನ ಮುಂದೆ ಹಿಡಿದು, ಮನೆಯಲ್ಲಿ ಅಪ್ಪನ ಹತ್ತಿರ ಮಾತಾಡುವ ತುಳುವಿನಲ್ಲಿ ಮೆಲ್ಲಗೆ ಕೇಳಿದಳು, ಈ ಫೋಟೋ ತೆಗೆದದ್ದು ಯಾರು ಎಂದು.

"ಏರ್ ದೆತ್ತಿನಿ, ಅಂಕಲ್?"

ತುಳು ಮೋಹನದಾಸರಿಗೂ ಬರುತ್ತದೆ. ಅವರ ನಗು ಹಾಗೇ ಇತ್ತು, ಸ್ವಲ್ಪವೂ ಅಲುಗಲಿಲ್ಲ. ಅಡ್ಮಿರಲ್ ಎನ್ನಲು ನನಗೆ ಇನ್ನೂ ಸಮಯವಿತ್ತು.

ನಾನು ಕೊರಳಿನ ಪಾಸು ತೆಗೆದು ಮೇಜಿನ ಮೇಲೆ ಇಟ್ಟೆ, ಎರಡನೇ ಕಣ್ಣಿನ ಪಕ್ಕದಲ್ಲಿ.

"ನೌಕಾಪಡೆಯವರು ಯಾರೂ ಅಲ್ಲ," ಎಂದೆ. "ಅಡ್ಮಿರಲ್ಲರನ್ನು ನಾನು ಕಂಡೇ ಇಲ್ಲ. ನಾನು ಜೆಟ್ಟಿಗೆ ಬಂದಾಗ ಕೊಕ್ಕರೆಯ ಬಾಲದ ಅಡಿಯಿಂದ ಒಬ್ಬರು ಎದ್ದು ಬಂದರು. ಕರವಸ್ತ್ರದಿಂದ ಬೆರಳು ಒರೆಸಿಕೊಂಡರು. ಗಂಧ ಇಡಿ ದಯಾನಂದರೇ, ಒಂದು ಫೋಟೋ ತೆಗೆಯುತ್ತೇನೆ ಎಂದು ನನ್ನ ಫೋನ್ ಇಸಿದುಕೊಂಡರು."

ಬೆರಳು ಚಾಚಿದೆ. ಗಂಧ ಇಟ್ಟದ್ದು ಅದೇ ಬೆರಳಿನಿಂದ.

"ಇವರು."